ಆಧುನಿಕ ಕಲೆ ಮತ್ತು ಕ್ರೈಸ್ತ ದೃಷ್ಟಿ: ರೂಕ್‌ಮಾಕರ್‌ನ ವಾದದ ಪರಿಶೀಲನೆ

ಆಧುನಿಕ ಕಲೆಯನ್ನು ಕುರಿತ ಕ್ರೈಸ್ತ ಚಿಂತನೆಯಲ್ಲಿ ಡಚ್ ಕಲಾ ಇತಿಹಾಸಕಾರ ಹಾನ್ಸ್ ರೂಕ್‌ಮಾಕರ್‌ನ (1922–1977) ಹೆಸರು ಮುಖ್ಯವಾದುದು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ನರ ಸೆರೆಯಾಳಾಗಿದ್ದಾಗ ಬೈಬಲ್ಲನ್ನು ಓದಿ ಕ್ರೈಸ್ತ ಶ್ರದ್ಧೆಗೆ ಬಂದ ಈತ, ಮುಂದೆ ಆಮ್‌ಸ್ಟರ್‌ಡಾಮಿನ ಫ್ರೀ ಯೂನಿವರ್ಸಿಟಿಯಲ್ಲಿ ಕಲಾ ಇತಿಹಾಸದ ಪ್ರಾಧ್ಯಾಪಕನಾದ. 1970ರಲ್ಲಿ ಪ್ರಕಟವಾದ ‘ಮಾಡರ್ನ್ ಆರ್ಟ್ ಅಂಡ್ ದ ಡೆತ್ ಆಫ್ ಎ ಕಲ್ಚರ್’ ಆತನ ಪ್ರಸಿದ್ಧ ಕೃತಿ.

ಚಿತ್ರವೊಂದು ಕಣ್ಣಿಗೆ ಹಿತವಾದ ಅಲಂಕಾರವಲ್ಲ, ಅದರಲ್ಲಿ ಒಂದು ಲೋಕದೃಷ್ಟಿ ಅಡಗಿರುತ್ತದೆ ಎಂಬುದು ಇಲ್ಲಿನ ಮೂಲ ನಿಲುವು. ಜ್ಞಾನೋದಯ ಯುಗವು ಇಂದ್ರಿಯ ಹಾಗೂ ತರ್ಕಗಳಿಗೆ ನಿಲುಕುವುದನ್ನಷ್ಟೇ ಸತ್ಯವೆಂದು ಎಣಿಸಿತು. ಅದರಿಂದಾಗಿ ದೈವವೂ ಮೌಲ್ಯವೂ ಲೋಕದಿಂದ ಹೊರಗುಳಿದವು, ಕಡೆಗೆ ಮನುಷ್ಯನೂ ವಸ್ತುಗಳ ನಡುವಿನ ಒಂದು ವಸ್ತುವಾದ. ಇಂಪ್ರೆಷನಿಸ್ಟರಿಂದ ಪಿಕಾಸೊವರೆಗಿನ ದಾರಿಯನ್ನು ರೂಕ್‌ಮಾಕರ್ ಈ ನಷ್ಟದ ಚರಿತ್ರೆಯಾಗಿ ಓದುತ್ತಾನೆ. ಆದರೆ ಆಧುನಿಕ ಚಿತ್ರಗಳನ್ನು ಗೇಲಿಮಾಡುವ ಧಾರ್ಮಿಕರ ಸಾಲಿಗೆ ಆತ ಸೇರಿದವನಲ್ಲ. ಆತನಿಗೆ ಅವು ರೋಗವಲ್ಲ, ರೋಗದ ಪ್ರಾಮಾಣಿಕ ಸಾಕ್ಷ್ಯ. ಎಲಿಯಟ್‌ನ ‘ರಿಲಿಜನ್ ಅಂಡ್ ಲಿಟರೇಚರ್’ (1935) ಪ್ರಬಂಧವನ್ನು ಬಲ್ಲವರಿಗೆ ಈ ಮಾರ್ಗ ತೀರ ಹೊಸದೆನಿಸಲಾರದು.

ಸಂಗೀತದ ವಿಷಯದಲ್ಲಿ ರೂಕ್‌ಮಾಕರ್ ಬೇರೆಯೇ ಮನುಷ್ಯ. ತಾರುಣ್ಯದಿಂದಲೇ ಆಫ್ರಿಕನ್ ಅಮೆರಿಕನ್ನರ ಸಂಗೀತದ ಧ್ವನಿಮುದ್ರಿಕೆಗಳನ್ನು ಕೂಡಿಹಾಕಿದ ಆತ, 1960ರಲ್ಲಿ ಜಾಸ್, ಬ್ಲೂಸ್ ಮತ್ತು ಸ್ಪಿರಿಚುವಲ್‌ಗಳ ಮೇಲೆ ಒಂದು ಪುಸ್ತಕವನ್ನೇ ಬರೆದ. ಕಿಂಗ್ ಆಲಿವರ್‌ನ ತಂಡದ ವಾದನದಲ್ಲಿ ಆತನಿಗೆ ಕೇಳಿಸಿದ್ದು ಉಲ್ಲಾಸ, ಶಿಸ್ತು, ಸಾಮುದಾಯಿಕ ಬದುಕು. ಜನಪ್ರಿಯವಾದುದೆಲ್ಲ ಕೀಳು ಎಂಬ ಪೂರ್ವಗ್ರಹ ಆತನಲ್ಲಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಕಿವಿಗಿದ್ದ ಈ ಔದಾರ್ಯ ಕಣ್ಣಿಗೆ ಇರಲಿಲ್ಲವೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಮಾಂಡ್ರಿಯಾನ್ ಕಟ್ಟಾ ಕ್ಯಾಲ್ವಿನಿಸ್ಟ್ ಮನೆಯಲ್ಲಿ ಬೆಳೆದು 1909ರಲ್ಲಿ ಥಿಯೊಸಾಫಿಕಲ್ ಸೊಸೈಟಿಯನ್ನು ಸೇರಿದವನು. ಕಾಂಡಿನ್ಸ್‌ಕಿ ಕಲೆಯ ಆಧ್ಯಾತ್ಮಿಕತೆಯನ್ನು ಕುರಿತೇ ಗ್ರಂಥ ಬರೆದವನು. ಇಂಥವರ ಅಮೂರ್ತ ಚಿತ್ರಗಳನ್ನು ಕೇವಲ ನಷ್ಟದ ಲೆಕ್ಕಕ್ಕೆ ಸೇರಿಸಿದರೆ ಅವುಗಳೊಳಗಿನ ಹುಡುಕಾಟ ಕಾಣದೆ ಹೋಗುತ್ತದೆ. ಲೋಕದೃಷ್ಟಿಯನ್ನು ಮೊದಲೇ ನಿಗದಿಮಾಡಿಕೊಂಡು ಕೃತಿಯ ಬಳಿಗೆ ಹೋಗುವ ಯಾವ ವಿಮರ್ಶೆಗಾದರೂ, ಅದು ಧಾರ್ಮಿಕವಾಗಿರಲಿ ರಾಜಕೀಯವಾಗಿರಲಿ, ಇರುವ ಅಪಾಯವಿದು. 2016ರಲ್ಲಿ ಜೊನಾಥನ್ ಆ್ಯಂಡರ್ಸನ್ ಮತ್ತು ವಿಲಿಯಂ ಡಿರ್ನೆಸ್ ಆಧುನಿಕ ಕಲೆಯ ಧಾರ್ಮಿಕ ಬೇರುಗಳನ್ನು ಶೋಧಿಸಿ ರೂಕ್‌ಮಾಕರ್‌ಗೆ ಉತ್ತರ ಕೊಟ್ಟರು. ತಮ್ಮ ಗ್ರಂಥದ ಶೀರ್ಷಿಕೆಯಲ್ಲಿ ಅವರು ಆತನ ‘ಡೆತ್’ ಎಂಬ ಪದವನ್ನು ತೆಗೆದು ‘ಲೈಫ್’ ಎಂದು ಇರಿಸಿದರು.