528 ಕೋಟಿ ಚೌಕಗಳ ನಡುವೆ ಒಂದು ಕತ್ತರಿ

ಅಮೆರಿಕದ ದೊಡ್ಡ ಟಿವಿ ಜಾಲಗಳಲ್ಲಿ ಒಂದು ಗಂಟೆಯ ಧಾರಾವಾಹಿ ಎಂದರೆ ಕತೆ ನಡೆಯುವುದು ಸುಮಾರು 44 ನಿಮಿಷ. ಮಿಕ್ಕ 16 ನಿಮಿಷ ಕಾರು, ವಿಮೆ, ಔಷಧಿ, ಬರ್ಗರ್ ಮತ್ತು ಮುಂದಿನ ವಾರದ ಕಾರ್ಯಕ್ರಮಗಳ ತುಣುಕುಗಳು. ನಮ್ಮ ಕೇಬಲ್ ಟಿವಿ ನಿಯಮ ಜಾಹೀರಾತಿಗೆ ಗಂಟೆಗೆ 12 ನಿಮಿಷ ಎಂದು ಗೆರೆ ಎಳೆದಿದೆ. ಅಲ್ಲಿ ಮಕ್ಕಳ ಕಾರ್ಯಕ್ರಮಗಳನ್ನು ಬಿಟ್ಟರೆ ಅಂಥ ಗೆರೆ ಇಲ್ಲ. ಹಾಗಾಗಿ ಮನೆ ಮೇಲೊಂದು ಆಂಟೆನಾ ನಿಲ್ಲಿಸಿ, ಕಂಪ್ಯೂಟರಿಗೊಂದು ಟ್ಯೂನರ್ ಸಿಕ್ಕಿಸಿ, ಕಾರ್ಯಕ್ರಮವನ್ನು ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡು, ಜಾಹೀರಾತನ್ನೆಲ್ಲ ಕತ್ತರಿಸಿ ತೆಗೆದು ಇಟ್ಟುಕೊಳ್ಳುವ ಹವ್ಯಾಸ ಅಲ್ಲಿ ಬಲವಾಗಿ ಬೆಳೆಯಿತು. ಬಿಡುವಾದಾಗ ನೋಡುವುದಕ್ಕೆಂದು ಮನೆಯಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು ತಪ್ಪಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟು 1984ರ ಜನವರಿಯಲ್ಲಿ, ಸೋನಿಯ ಬೀಟಾಮ್ಯಾಕ್ಸ್ ಮೊಕದ್ದಮೆಯಲ್ಲಿ, ಹೇಳಿತು. ಐವರು ನ್ಯಾಯಮೂರ್ತಿಗಳು ಆ ಕಡೆ, ನಾಲ್ವರು ಈ ಕಡೆ. ಒಂದೇ ಒಂದು ಮತದ ಅಂತರ.

ಹದಿನಾರು ನಿಮಿಷ ಕತ್ತರಿಸುವುದರಲ್ಲಿ ಏನು ಮಹಾ ಇದೆ ಅನ್ನಿಸಬಹುದು. ಆ ಕಡತದ ಒಳಗೆ ಏನಿದೆಯೆಂದು ಎಣಿಸತೊಡಗಿದರೆ ಗೊತ್ತಾಗುತ್ತದೆ.

ಮೊದಲು ಚಿತ್ರಗಳನ್ನು ಎಣಿಸೋಣ. 1080 ಗೆರೆಗಳ ಪ್ರಸಾರದಲ್ಲಿ ಸೆಕೆಂಡಿಗೆ 30 ಫ್ರೇಮ್ ಎಂದು ರೂಢಿಯಲ್ಲಿ ಹೇಳುತ್ತಾರೆ. ಆ ಲೆಕ್ಕದಲ್ಲಿ ಗಂಟೆಗೆ 1,08,000 ಆಗಬೇಕು. ನಿಜವಾಗಿ ಬರುವುದು 1,07,892. ಈ ಕೊರತೆಯ ಬೇರು 1953ರಲ್ಲಿದೆ. ಕಪ್ಪು ಬಿಳುಪು ಟಿವಿಗೆ ಬಣ್ಣ ಸೇರಿಸಿದಾಗ ಬಣ್ಣದ ಅಲೆ ಧ್ವನಿಯ ಅಲೆಗೆ ಅಡ್ಡ ಬಾರದಿರಲೆಂದು ವೇಗವನ್ನು ಸಾವಿರಕ್ಕೆ ಒಂದರಷ್ಟು ತಗ್ಗಿಸಿದರು. ಟಿವಿ ಡಿಜಿಟಲ್ ಆದ ಮೇಲೂ ಆ ವೇಗ ಹಾಗೇ ಉಳಿಯಿತು. ಹೀಗೆ ಪ್ರತಿ ಗಂಟೆಗೂ ಕಡಿಮೆ ಬೀಳುವ ಚಿತ್ರಗಳು 108. ನಮ್ಮ ಜಪಮಾಲೆಯ ಮಣಿಗಳ ಸಂಖ್ಯೆ ಅಮೆರಿಕದ ಟಿವಿ ಗಡಿಯಾರದಲ್ಲಿ ಬಂದು ಕೂತಿರುವುದು ಬರೀ ಕಾಕತಾಳೀಯ, ಆದರೂ ಆ ಸಂಖ್ಯೆ ಕಂಡಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಒಂದು ಚಿತ್ರದಲ್ಲಿ 1920 ಅಡ್ಡ, 1080 ಉದ್ದ, ಒಟ್ಟು 20,73,600 ಪಿಕ್ಸೆಲ್. ಇಡೀ ಗಂಟೆಗೆ 22,372 ಕೋಟಿ. ಬಣ್ಣದ ವಿವರವನ್ನು ಕಾಲು ಭಾಗಕ್ಕೆ ಇಳಿಸಿದ ಮೇಲೂ ಇದನ್ನೆಲ್ಲ ಇದ್ದಂತೆಯೇ ಬರೆದಿಡಲು ಸುಮಾರು 335 ಜಿಬಿ ಜಾಗ ಬೇಕು. ಗಾಳಿಯಲ್ಲಿ ಒಂದು ಚಾನೆಲ್ಲಿಗೆ ಸಿಗುವ ದಾರಿ ಸೆಕೆಂಡಿಗೆ 1.939 ಕೋಟಿ ಬಿಟ್‌ಗಳಷ್ಟು ಅಗಲ, ಅಷ್ಟೆ. ಒಂದೊಂದೂ 188 ಬೈಟಿನ ಪೊಟ್ಟಣಗಳಾಗಿ, ಸೆಕೆಂಡಿಗೆ ಸುಮಾರು 12,900ರಂತೆ, ದತ್ತಾಂಶ ಆಂಟೆನಾಕ್ಕೆ ಬಂದು ಬೀಳುತ್ತದೆ. ಗಂಟೆಯ ಕೊನೆಗೆ ಡಿಸ್ಕಿನಲ್ಲಿ 4.64 ಕೋಟಿ ಪೊಟ್ಟಣ, ಹೆಚ್ಚೆಂದರೆ 8.7 ಜಿಬಿ. 335 ಜಿಬಿ ತೂಕದ್ದು 8.7ಕ್ಕೆ ಇಳಿದಿರುತ್ತದೆ, ಮೂವತ್ತೆಂಟು ಪಟ್ಟು.

ಇಷ್ಟು ಹಿಂಡಿದ ಕೈ ಯಾರದು ಎಂದು ಹುಡುಕುತ್ತ ಹೋದರೆ ದಾರಿ ನೇರ ಬೆಂಗಳೂರಿಗೆ ಬರುತ್ತದೆ. ನಾಸಿರ್ ಅಹ್ಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಕೆ.ಆರ್. ವೃತ್ತದ ಬಳಿ ಇರುವ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದರು. ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾಗ, 1972ರಲ್ಲಿ, ಚಿತ್ರದ ಒಂದು ಸಣ್ಣ ಚೌಕವನ್ನು ಕೊಸೈನ್ ಅಲೆಗಳ ಮೊತ್ತವಾಗಿ ಬರೆಯುವ ವಿಧಾನವೊಂದು ಅವರಿಗೆ ಹೊಳೆಯಿತು. ಚಿತ್ರದ ಬಹುಪಾಲು ಸಾರ ಕೆಲವೇ ಅಲೆಗಳಲ್ಲಿ ಸೇರಿಕೊಳ್ಳುತ್ತದೆ, ಮಿಕ್ಕವನ್ನು ಕೈಬಿಟ್ಟರೂ ಕಣ್ಣಿಗೆ ತಿಳಿಯುವುದಿಲ್ಲ. ಸಂಶೋಧನೆಗೆ ಹಣ ಬೇಡಿ ನ್ಯಾಷನಲ್ ಸೈನ್ಸ್ ಫೌಂಡೇಶನ್ನಿಗೆ ಅರ್ಜಿ ಹಾಕಿದರು. ಅರ್ಜಿ ತಿರಸ್ಕಾರವಾಯಿತು. ವಿಚಾರ ತೀರಾ ಸರಳವಾಗಿದೆ ಎಂದು ಪರಿಶೀಲಕರಲ್ಲೊಬ್ಬರು ಷರಾ ಬರೆದಿದ್ದರೆಂದು ಅಹ್ಮದ್ ಮುಂದೆ ನೆನೆದಿದ್ದಾರೆ. ಶಿಷ್ಯ ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರ ಜೊತೆ ಬರೆದ ಪ್ರಬಂಧ 1974ರ ಜನವರಿಯಲ್ಲಿ ಅಚ್ಚಾಯಿತು. 90ನೇ ಪುಟದಿಂದ 93ನೇ ಪುಟದವರೆಗೆ, ನಾಲ್ಕೇ ಪುಟದಲ್ಲಿ ಮುಗಿಯುವ ಬರಹ.

ಆ ನಾಲ್ಕು ಪುಟಗಳ ಕೆಲಸ ಒಂದು ಗಂಟೆಯ ರೆಕಾರ್ಡಿಂಗಿನಲ್ಲಿ ಎಷ್ಟು ಸಲ ನಡೆಯುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಎಂಪೆಗ್-2 ಎಂಬ ಪದ್ಧತಿಯಲ್ಲಿ ಚಿತ್ರವನ್ನು 16ಕ್ಕೆ 16 ಪಿಕ್ಸೆಲಿನ ಚೌಕಗಳಾಗಿ ಒಡೆಯುತ್ತಾರೆ. 1080 ಎಂಬುದು 16ರಿಂದ ಭಾಗವಾಗದ ಕಾರಣ ಯಾರೂ ನೋಡದ ಎಂಟು ಗೆರೆಗಳನ್ನು ಕೆಳಗೆ ಸೇರಿಸಿ 1088 ಮಾಡಿಕೊಳ್ಳುತ್ತಾರೆ. ಆಗ ಅಡ್ಡಕ್ಕೆ 120, ಉದ್ದಕ್ಕೆ 68, ಒಟ್ಟು 8,160 ಚೌಕ. ಪ್ರತಿಯೊಂದರಲ್ಲೂ 8ಕ್ಕೆ 8ರ ಆರು ಮರಿಚೌಕಗಳು, ನಾಲ್ಕು ಬೆಳಕಿಗೆ, ಎರಡು ಬಣ್ಣಕ್ಕೆ. ಚಿತ್ರಕ್ಕೆ 48,960. ಗಂಟೆಗೆ 528 ಕೋಟಿ 23 ಲಕ್ಷ. ಇವುಗಳಲ್ಲಿ ಎಷ್ಟೋ ಚೌಕಗಳು ಹಿಂದಿನ ಚಿತ್ರದಲ್ಲಿ ಇದ್ದಂತೆಯೇ ಇರುವುದರಿಂದ ಅವಕ್ಕೆ ಹೊಸದಾಗಿ ಏನೂ ಬರೆಯಬೇಕಾಗುವುದಿಲ್ಲ. ಆದರೂ ಪರದೆಯ ಮೇಲೆ ಅಷ್ಟೂ ಜಾಗ ತುಂಬಲೇಬೇಕು. ಜಾಹೀರಾತಿನ ಪಾಲಿಗೆ ಬರುವುದೇ ಸುಮಾರು 141 ಕೋಟಿ ಮರಿಚೌಕ. ಭಾರತದ ಒಬ್ಬೊಬ್ಬ ಪ್ರಜೆಗೂ ಹೆಚ್ಚುಕಡಿಮೆ ಒಂದೊಂದರಂತೆ ಹಂಚಬಹುದಾದಷ್ಟು.

ಇಷ್ಟು ದೂರ ಬಂದದ್ದು ಬರೀ ಗಾತ್ರದ ಮಾತಾಯಿತು. ನನ್ನ ಮಟ್ಟಿಗೆ ಇಡೀ ವಿಷಯದ ಹೆಚ್ಚಿನ ಅಚ್ಚರಿ ಇನ್ನೊಂದು ಸಂಖ್ಯೆಯಲ್ಲಿದೆ: 7,193.

ಗಂಟೆಯ 1,07,892 ಚಿತ್ರಗಳಲ್ಲಿ ತನ್ನಷ್ಟಕ್ಕೆ ತಾನು ಪೂರ್ಣವಾಗಿರುವ ಚಿತ್ರಗಳು ಸುಮಾರು ಇಷ್ಟೇ. ಸಾಮಾನ್ಯವಾಗಿ 15 ಚಿತ್ರಗಳದ್ದೊಂದು ಗುಂಪು, ಅಂದರೆ ಅರ್ಧ ಸೆಕೆಂಡು. ಗುಂಪಿನ ಯಜಮಾನನೊಬ್ಬನೇ ಪೂರ್ಣ ಚಿತ್ರ, ಅದಕ್ಕೆ ಐ ಫ್ರೇಮ್ ಎನ್ನುತ್ತಾರೆ. ನಾಲ್ಕು ಪಿ ಫ್ರೇಮ್‌ಗಳು ತಮ್ಮ ಹಿಂದಿನ ಐ ಅಥವಾ ಪಿ ಚಿತ್ರಕ್ಕಿಂತ ಎಲ್ಲಿ ಬೇರೆಯೋ ಅದನ್ನಷ್ಟೇ ಹೇಳುತ್ತವೆ. ಉಳಿದ ಹತ್ತು ಬಿ ಫ್ರೇಮ್‌ಗಳು ಹಿಂದಿನದನ್ನೂ ಮುಂದಿನದನ್ನೂ ನೋಡಿಕೊಂಡು ತಮ್ಮನ್ನು ಕಟ್ಟಿಕೊಳ್ಳುತ್ತವೆ. ಮುಂದಿನದು ಮೊದಲೇ ಕೈಗೆ ಸಿಗದಿದ್ದರೆ ಅವುಗಳನ್ನು ಬಿಡಿಸಲು ಆಗದು. ಆದ್ದರಿಂದ ನಾವು ನೋಡುವ ಅನುಕ್ರಮ ಬೇರೆ, ಕಡತದಲ್ಲಿ ಬರೆದಿರುವ ಅನುಕ್ರಮ ಬೇರೆ. ಹೀಗೆ ನಾವು ನೋಡುವ ಗಂಟೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಚಿತ್ರಗಳು ಅಕ್ಕಪಕ್ಕದವರ ಸಾಲದ ಮೇಲೆ ಬದುಕಿವೆ.

ಕತ್ತರಿ ಹಾಕುವವನ ಕಷ್ಟ ಇಲ್ಲಿ. ಬ್ರೇಕ್ ಮುಗಿದು ಕತೆ ಮತ್ತೆ ಶುರುವಾಗುವ ಕ್ಷಣ ಸರಿಯಾಗಿ ಐ ಫ್ರೇಮಿನ ಮೇಲೇ ಬೀಳುತ್ತದೆ ಎಂಬ ಭರವಸೆಯಿಲ್ಲ. ಗುಂಪಿನ ಒಂಬತ್ತನೇ ಚಿತ್ರದಿಂದ ಬೇಕೆಂದರೆ, ಆ ಒಂಬತ್ತನೆಯದು ಮೊದಲ ಎಂಟರಲ್ಲಿ ಕೆಲವುಗಳ ಸಾಲಗಾರ, ಆ ಎಂಟರಲ್ಲಿ ಶಾಂಪೂ ಜಾಹೀರಾತಿದೆ. ಕೆಲವೊಮ್ಮೆ ಹೊಸ ಗುಂಪಿನ ಮೊದಲ ಎರಡು ಬಿ ಫ್ರೇಮ್‌ಗಳು ಹಿಂದಿನ ಗುಂಪಿನ ಕೊನೆಯ ಚಿತ್ರವನ್ನೂ ನೆಚ್ಚಿಕೊಂಡಿರುತ್ತವೆ. ಆ ಗುಂಪನ್ನು ತೆಗೆದರೆ ಇವೆರಡು ಅನಾಥ. ಎಂಪೆಗ್-2 ರೂಪಿಸಿದವರಿಗೆ ಇದು ಮೊದಲೇ ಗೊತ್ತಿತ್ತು. ಹಿಂದಿನ ಕೊಂಡಿ ಮುರಿದಿದೆ, ಈ ಚಿತ್ರಗಳನ್ನು ತೋರಿಸಬೇಡ ಎಂದು ಹೇಳುವುದಕ್ಕಾಗಿಯೇ ಗುಂಪಿನ ತಲೆಬರಹದಲ್ಲಿ ಒಂದು ಬಿಟ್ ಮೀಸಲಿಟ್ಟಿದ್ದಾರೆ. ಸುಮಾರು 7,000 ಕೋಟಿ ಬಿಟ್‌ಗಳ ಗಂಟೆಯಲ್ಲಿ ಕತ್ತರಿ ಬಿದ್ದ ಜಾಗವನ್ನು ಗುರುತಿಸುವ ಒಂದೇ ಒಂದು ಬಿಟ್!

ಇಡೀ ಕಡತವನ್ನು ಬಿಡಿಸಿ, ಜಾಹೀರಾತು ತೆಗೆದು, ಮತ್ತೆ ಹಿಂಡಿದರೆ ಈ ತಾಪತ್ರಯವಿಲ್ಲ. ಆದರೆ ಪ್ರತಿ ಸಲ ಹಿಂಡಿದಾಗಲೂ ಅಲೆಗಳಲ್ಲಿ ಇನ್ನಷ್ಟು ಉದುರಿ ಚಿತ್ರ ಮಸುಕಾಗುತ್ತದೆ. ವಿಡಿಯೋರಿಡೂ ಥರದ ತಂತ್ರಾಂಶಗಳು ಹಿಡಿದ ದಾರಿ ಬೇರೆ. ಕತ್ತರಿ ಬಿದ್ದ ಗುಂಪನ್ನು ಮಾತ್ರ ಬಿಡಿಸಿ ಮತ್ತೆ ಕಟ್ಟುತ್ತವೆ, ಉಳಿದದ್ದನ್ನು ಮುಟ್ಟದೆ ನಕಲು ಮಾಡುತ್ತವೆ. ಐದು ಬ್ರೇಕುಗಳಿಗೆ ಹತ್ತು ಅಂಚು, ಮೊದಲು ಕೊನೆ ಸೇರಿ ಹನ್ನೆರಡು. ಒಂದೊಂದು ಅಂಚಿಗೂ ಗುಂಪು ಪೂರ್ತಿ ಕೆಡುತ್ತದೆ ಎಂದರೂ 180 ಚಿತ್ರ. ಉಳಿಯುವ 44 ನಿಮಿಷದಲ್ಲಿ 79,121 ಚಿತ್ರಗಳಿವೆ. ಸಾವಿರಕ್ಕೆ ಎರಡು ಮೂರನ್ನು ತಿದ್ದಿ, ಮಿಕ್ಕವನ್ನು ಪ್ರಸಾರ ಕೇಂದ್ರದಿಂದ ಹೊರಟ ಹಾಗೆಯೇ, ಒಂದು ಬಿಂದುವೂ ಕೆಡದಂತೆ ಉಳಿಸಿಕೊಳ್ಳಬಹುದು. ಈ ಜಾಣತನವನ್ನು ಎಷ್ಟು ಮೆಚ್ಚಿದರೂ ಸಾಲದು.

ಜಾಹೀರಾತು ಎಲ್ಲಿದೆಯೆಂದು ಕಂಪ್ಯೂಟರೇ ಹುಡುಕುವ ಏರ್ಪಾಡೂ ಇದೆ. 2002ರಲ್ಲಿ ಐಸಾಕ್ ರಿಚರ್ಡ್ಸ್ ಶುರು ಮಾಡಿದ ಮಿಥ್‌ಟಿವಿ ಎಂಬ ರೆಕಾರ್ಡಿಂಗ್ ತಂತ್ರಾಂಶದಲ್ಲೂ ಕಾಮ್‌ಸ್ಕಿಪ್ ಎಂಬ ಪುಟ್ಟ ತಂತ್ರಾಂಶದಲ್ಲೂ ಅದು ಸಿಗುತ್ತದೆ. ಎರಡು ಜಾಹೀರಾತುಗಳ ನಡುವೆ ಮಿಂಚಿ ಮಾಯವಾಗುವ ಕಪ್ಪು ಚಿತ್ರ, ಅದೇ ಹೊತ್ತಿನ ಮೌನ, ಮೂಲೆಯಲ್ಲಿದ್ದ ಚಾನೆಲ್ ಲಾಂಛನ ಕಾಣದಾಗುವುದು, ಒಂದು ಕಪ್ಪಿನಿಂದ ಇನ್ನೊಂದು ಕಪ್ಪಿಗೆ ಸರಿಯಾಗಿ 15, 30 ಅಥವಾ 60 ಸೆಕೆಂಡು ಇರುವುದು, ಇವೇ ಅದರ ಸುಳಿವುಗಳು. ಸುಳಿವು ತಪ್ಪುವುದುಂಟು, ರಾತ್ರಿಯ ದೃಶ್ಯವೊಂದು ಕಪ್ಪಾಗಿ ಮುಗಿದರೆ ಸಾಕು. ಅಂಚನ್ನು ಕಣ್ಣಿಂದ ನೋಡಿ ಒಪ್ಪಿಕೊಳ್ಳುವವರ ಕಡತವೇ ಚೊಕ್ಕ.

ಚಿತ್ರ ಕೂಡಿದ ಮೇಲೆ ಗಡಿಯಾರದ ಕೆಲಸ. ಕಡತದೊಳಗಿನ ಗಡಿಯಾರ ಸೆಕೆಂಡಿಗೆ 90,000 ಸಲ ಮಿಡಿಯುತ್ತದೆ, ಪ್ರತಿ ಚಿತ್ರದ ಮೇಲೂ ಅದು ಯಾವ ಮಿಡಿತಕ್ಕೆ ಕಾಣಿಸಬೇಕೆಂಬ ಮುದ್ರೆಯಿದೆ. ಜಾಹೀರಾತು ಹೋದ ಮೇಲೆ ಉಂಟಾದ ತೆರಪನ್ನು ಮುಚ್ಚಲು ಮೊದಲ ಅಂಚಿನ ನಂತರದ ಸಾವಿರಾರು ಮುದ್ರೆಗಳನ್ನೂ ಹೊಸದಾಗಿ ಒತ್ತಬೇಕು. ಮುದ್ರೆಗೆ ಕೊಟ್ಟಿರುವುದು 33 ಬಿಟ್. 859 ಕೋಟಿ ಮಿಡಿತ ತುಂಬಿದೊಡನೆ, ಅಂದರೆ ಸುಮಾರು 26 ಗಂಟೆ 30 ನಿಮಿಷಕ್ಕೊಮ್ಮೆ, ಎಣಿಕೆ ಮತ್ತೆ ಸೊನ್ನೆಗೆ ಬರುತ್ತದೆ. ಅದು ಧಾರಾವಾಹಿಯ ನಡುವೆಯೇ ಬಂದರೆ ತಂತ್ರಾಂಶ ಗಲಿಬಿಲಿಗೊಳ್ಳದೆ ದಾಟಿಕೊಳ್ಳಬೇಕು.

ಧ್ವನಿಯದು ಇನ್ನೂ ಸೂಕ್ಷ್ಮ. ಒಂದು ಚಿತ್ರ ಪರದೆಯ ಮೇಲಿರುವುದು 3,003 ಮಿಡಿತ. ಅಮೆರಿಕದ ಪ್ರಸಾರದಲ್ಲಿ ಬಳಸುವ ಡಾಲ್ಬಿ ಧ್ವನಿಯ ಒಂದು ತುಂಡು 2,880 ಮಿಡಿತ, 32 ಮಿಲಿಸೆಕೆಂಡು. ಧ್ವನಿಯ ತುಂಡನ್ನು ನಡುವೆ ಮುರಿಯಲಾಗದು. ಒಟ್ಟಿಗೆ ಹೊರಟ ಚಿತ್ರದ ಅಂಚೂ ಧ್ವನಿಯ ಅಂಚೂ ಮತ್ತೆ ಒಂದೇ ಮಿಡಿತಕ್ಕೆ ಸೇರುವುದು 960 ಚಿತ್ರ, 1,001 ಧ್ವನಿತುಂಡುಗಳು ಕಳೆದ ಮೇಲೆ, 32.032 ಸೆಕೆಂಡಿಗೊಮ್ಮೆ. ಕತ್ತರಿ ಬೀಳುವ ಜಾಗ ಅಂಥ ಮುಹೂರ್ತಕ್ಕೆ ಕಾಯುವುದಿಲ್ಲ. ಆದ್ದರಿಂದ ಪ್ರತಿ ಅಂಚಿನಲ್ಲೂ ಧ್ವನಿ 16 ಮಿಲಿಸೆಕೆಂಡಿನವರೆಗೆ ಆಚೀಚೆ ಆಗಬಹುದು. ಒಂದೇ ಆದರೆ ಯಾರಿಗೂ ತಿಳಿಯದು. ಹತ್ತು ಅಂಚುಗಳಲ್ಲೂ ಒಂದೇ ದಿಕ್ಕಿಗೆ ಕೂಡುತ್ತ ಹೋದರೆ 160. ತುಟಿಗಿಂತ ಮಾತು 45 ಮಿಲಿಸೆಕೆಂಡು ಮುಂದಾದರೆ, ಇಲ್ಲವೇ 125 ಹಿಂದಾದರೆ ಮನುಷ್ಯರಿಗೆ ಗೊತ್ತಾಗತೊಡಗುತ್ತದೆ ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಒಪ್ಪಿರುವ ಅಳತೆ. ಹಾಗಾಗಿ ಒಳ್ಳೆಯ ತಂತ್ರಾಂಶ ಪ್ರತಿ ಅಂಚಿನಲ್ಲಿ ಉಳಿದ ಚೂರನ್ನು ಲೆಕ್ಕದಲ್ಲಿ ಹಿಡಿದಿಟ್ಟುಕೊಂಡು, ಮುಂದಿನ ಅಂಚಿನಲ್ಲಿ ಒಂದು ತುಂಡು ಹೆಚ್ಚೋ ಕಡಿಮೆಯೋ ಮಾಡಿ, ಕತೆ ಮುಗಿಯುವ ಹೊತ್ತಿಗೂ ಮಾತು ತುಟಿಯ ಮೇಲೇ ಇರುವಂತೆ ನೋಡಿಕೊಳ್ಳುತ್ತದೆ.