ಹಗಲಿನ ಚಂದ್ರ

ಚಂದ್ರನು ರಾತ್ರಿಯ ಒಡೆಯನೆಂಬ ಭಾವನೆ ನಮ್ಮ ಮಾತಿನಲ್ಲಿಯೇ ಬೇರೂರಿದೆ. ನಿಶಾಕರ, ನಿಶಾಪತಿ, ರಜನೀಶ ಎಂದು ಅವನನ್ನು ಕರೆಯುತ್ತ ಬಂದಿರುವೆವು. ಆದುದರಿಂದ ಮಧ್ಯಾಹ್ನ ನಾಲ್ಕು ಗಂಟೆಯ ಹೊತ್ತಿಗೆ ಮಗುವೊಂದು ಮೂಡಣ ದಿಕ್ಕಿಗೆ ಬೆರಳು ತೋರಿ, 'ಅಗೋ ಚಂದಮಾಮ' ಎಂದು ಕೂಗಿದರೆ, ದೊಡ್ಡವರಾದ ನಾವು ಅದನ್ನೊಂದು ಕೌತುಕವೆಂದು ಭಾವಿಸುವೆವು. ಮಗುವಿನ ಕಣ್ಣು ಸರಿಯಾಗಿಯೇ ಇದೆ. ತಪ್ಪಿರುವುದು ನಮ್ಮ ಎಣಿಕೆ.

ಹಾಗಾದರೆ ಚಂದ್ರನು ಹಗಲಿನಲ್ಲಿ ಕಾಣುವುದು ಯಾವಾಗ? ಇದಕ್ಕೆ ಉತ್ತರವು ನಮ್ಮ ಮನೆಯ ಗೋಡೆಗೆ ತೂಗಿರುವ ಪಂಚಾಂಗದಲ್ಲಿಯೇ ಇದೆ. ತಿಥಿಯೆಂದರೆ ಸೂರ್ಯಚಂದ್ರರ ನಡುವಣ ದೂರದ ಅಳತೆಯಲ್ಲದೆ ಬೇರೆಯಲ್ಲ. ಚಂದ್ರನು ಸೂರ್ಯನಿಂದ 12 ಅಂಶಗಳಷ್ಟು ಸರಿದರೆ ಒಂದು ತಿಥಿ ಕಳೆಯಿತು. ಹೀಗೆ ಸರಿಯುವುದರಿಂದ ಅವನ ಉದಯವು ದಿನವೊಂದಕ್ಕೆ ಸರಾಸರಿ 50 ನಿಮಿಷಗಳಷ್ಟು ತಡವಾಗುವುದು. ಅಮಾವಾಸ್ಯೆಯಂದು ಸೂರ್ಯನ ಜೊತೆಯಲ್ಲಿಯೇ ಹುಟ್ಟಿದವನು, ಶುದ್ಧ ಅಷ್ಟಮಿಯ ವೇಳೆಗೆ 90 ಅಂಶ ಹಿಂದೆ ಬಿದ್ದು, ಸುಮಾರು ನಡುಹಗಲಿನಲ್ಲಿ ಹುಟ್ಟಿ ನಡುರಾತ್ರಿಯಲ್ಲಿ ಮುಳುಗುವನು. ಹುಣ್ಣಿಮೆಯಂದು ಸೂರ್ಯಾಸ್ತಕ್ಕೆ ಹುಟ್ಟಿ ಸೂರ್ಯೋದಯಕ್ಕೆ ಮುಳುಗುವನು. ಬಹುಳ ಅಷ್ಟಮಿಯಂದಾದರೋ ನಡುರಾತ್ರಿಯಲ್ಲಿ ಹುಟ್ಟಿ, ಬೆಳಗಿನ ಹೊತ್ತಿಗೆ ನೆತ್ತಿಯ ಬಳಿಗೆ ಬಂದು, ಮರುದಿನದ ನಡುಹಗಲಿನವರೆಗೂ ಆಕಾಶದಲ್ಲಿರುವನು.

ಇದರಿಂದ ನಾವು ತಿಳಿಯಬೇಕಾದುದೇನು? ಶುಕ್ಲಪಕ್ಷದಲ್ಲಿ ಪಂಚಮಿಯಿಂದ ಚತುರ್ದಶಿಯವರೆಗೆ ಮಧ್ಯಾಹ್ನವಾದ ಮೇಲೆಯೂ, ಕೃಷ್ಣಪಕ್ಷದಲ್ಲಿ ಬಿದಿಗೆಯಿಂದ ಏಕಾದಶಿಯವರೆಗೆ ಬೆಳಗಿನ ಹೊತ್ತಿನಲ್ಲಿಯೂ ಅವನನ್ನು ಹುಡುಕಿದರೆ ಸಿಕ್ಕುವನು. ಅಮಾವಾಸ್ಯೆಯ ಆಚೀಚೆಯ ಎರಡು ಮೂರು ದಿನಗಳಲ್ಲಿ ಅವನು ಹಗಲೆಲ್ಲ ಮೇಲಿದ್ದರೂ, ಸೂರ್ಯನ ಪಕ್ಕದ ಪ್ರಖರವಾದ ಬೆಳಕಿನಲ್ಲಿ ಆ ತೆಳುವಾದ ರೇಖೆ ಕಣ್ಣಿಗೆ ಬೀಳದು. ಲೆಕ್ಕಹಾಕಿದರೆ, ತಿಂಗಳಿನಲ್ಲಿ ಅವನು ರಾತ್ರಿಯಲ್ಲಿ ಎಷ್ಟು ಹೊತ್ತು ದಿಗಂತದ ಮೇಲಿರುವನೋ ಹೆಚ್ಚು ಕಡಮೆ ಅಷ್ಟೇ ಹೊತ್ತು ಹಗಲಿನಲ್ಲಿಯೂ ಇರುವನು.

ನಕ್ಷತ್ರಗಳೆಲ್ಲವೂ ಅಡಗಿಹೋಗುವ ಹಗಲಿನಲ್ಲಿ ಇವನೊಬ್ಬನು ಕಾಣುವುದು ಹೇಗೆ ಎಂದು ಕೇಳಬಹುದು. ಹಗಲಿನ ಆಕಾಶದ ನೀಲಿಯು ಸೂರ್ಯನ ಬೆಳಕೇ. ವಾಯುಮಂಡಲದ ಕಣಗಳು ಅದನ್ನು, ಅದರಲ್ಲಿಯೂ ನೀಲಿಯನ್ನು ಹೆಚ್ಚಾಗಿ, ಎಲ್ಲ ಕಡೆಗೂ ಚೆದರಿಸುವುವು. ಇಂಗ್ಲೆಂಡಿನ ರ್‍ಯಾಲೆ 1871ರಲ್ಲಿ ಈ ಚೆದರಿಕೆಯ ನಿಯಮವನ್ನು ವಿವರಿಸಿದನು. ಈ ಬೆಳಕಿನ ಪರದೆಯಲ್ಲಿ ಬಿಂದುಮಾತ್ರವಾದ ನಕ್ಷತ್ರವು ಮುಳುಗಿಹೋಗುವುದು. ಚಂದ್ರನಾದರೋ ನೇರವಾದ ಬಿಸಿಲಿನಲ್ಲಿ ಬಿದ್ದಿರುವ ದೊಡ್ಡ ಬಂಡೆಯಂತೆ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 12ರಷ್ಟನ್ನು ಮಾತ್ರ ಹಿಂದಿರುಗಿಸುವ ಮಸುಕುಬಂಡೆಯಾದರೂ, ಅವನ ಮೈಯ ಕಾಂತಿ ನೀಲಾಕಾಶದ ಕಾಂತಿಗೆ ಹೋಲಿಸಬಹುದಾದಷ್ಟಿದೆ. ಗಾಳಿಯ ಪರದೆಯಿರುವುದು ನಮಗೂ ಅವನಿಗೂ ನಡುವೆ. ಆದುದರಿಂದ ಆಕಾಶದ ಬೆಳಕಿಗೆ ಚಂದ್ರನ ಬೆಳಕು ಕೂಡಿ, ಅಷ್ಟು ಭಾಗವು ಸುತ್ತಣ ಆಕಾಶಕ್ಕಿಂತ ಬೆಳ್ಳಗೆ ತೋರುವುದು. ಬೆಳಕಿಲ್ಲದ ಭಾಗವು ಆಕಾಶದ ಬಣ್ಣವನ್ನೇ ತಾಳುವುದು. ಅರ್ಧಚಂದ್ರನು ನೀಲಿಯಲ್ಲಿ ಅಂಟಿಸಿದ ಮೋಡದ ಚೂರಿನಂತಿರುವುದು ಇದರಿಂದಲೇ. ಸೂರ್ಯನಿಂದ 90 ಅಂಶ ದೂರದಲ್ಲಿ ಆಕಾಶದ ನೀಲಿಯು ಬಹಳ ಗಾಢವಾಗಿರುವುದರಿಂದ, ಅಷ್ಟಮಿಯ ಚಂದ್ರನಿಗೆ ಇದೊಂದು ಅನುಕೂಲ. ರಾತ್ರಿ ಬಂದಾಗ ಅವನ ಬೆಳಕೇನೂ ಹೆಚ್ಚುವುದಿಲ್ಲ. ಹಗಲಿನಲ್ಲಿ ಹಚ್ಚಿಟ್ಟ ದೀಪವು ಕತ್ತಲಾದ ಮೇಲೆ ಮೆರೆಯುವಂತೆ ಮೆರೆಯುವನು, ಅಷ್ಟೆ.

ಹಗಲಿನ ಚಂದ್ರನಿಂದ ನಮಗೆ ಮತ್ತೊಂದು ಉಪಕಾರವುಂಟು. ಭೂಮಿಯ ನೆರಳು ಬೀಳುವುದರಿಂದಲೇ ಚಂದ್ರನು ಕ್ಷಯಿಸುವನೆಂದು ಓದುಬರಹ ಬಲ್ಲವರೂ ಹಲವರು ನಂಬಿರುವರು. ಆದರೆ ಸೂರ್ಯನೂ ಅರ್ಧಚಂದ್ರನೂ ಆಕಾಶದಲ್ಲಿ ಒಟ್ಟಿಗೆ ಇರುವಾಗ, ಸೂರ್ಯನಿಗೆ ಎದುರು ದಿಕ್ಕಿನಲ್ಲಿ, ನಮ್ಮ ಕಾಲಿನ ಕೆಳಗಡೆಗೆ ಚಾಚಿರುವ ಭೂಮಿಯ ನೆರಳು ಅವನನ್ನು ಮುಟ್ಟುವುದೆಂತು? ನೆರಳು ಬೀಳುವುದು ಹುಣ್ಣಿಮೆಯ ಗ್ರಹಣದಲ್ಲಿ ಮಾತ್ರ. ಬಿಸಿಲಿನಲ್ಲಿ ನಿಂತು, ಒಂದು ನಿಂಬೆಯ ಹಣ್ಣನ್ನು ಚಂದ್ರನಿರುವ ಕಡೆಗೆ ಕೈಚಾಚಿ ಹಿಡಿಯಿರಿ. ಹಣ್ಣಿನ ಯಾವ ಪಾಲು ಬೆಳಗಿರುವುದೋ ಚಂದ್ರನಲ್ಲಿಯೂ ಅದೇ ಪಾಲು ಬೆಳಗಿರುವುದು. ಚಂದ್ರನಿಗೆ ಸ್ವಂತ ಬೆಳಕಿಲ್ಲ, ಸೂರ್ಯನ ಕಡೆಗಿರುವ ಅರ್ಧವೇ ಬೆಳಗುವುದೆಂದು ಆರ್ಯಭಟನು ಹದಿನೈದು ಶತಮಾನಗಳ ಹಿಂದೆಯೇ ತಿಳಿಸಿದ್ದನು. ಆ ಮಾತಿಗೆ ಒಂದು ನಿಂಬೆಯ ಹಣ್ಣು ಸಾಕ್ಷಿ ನುಡಿಯುವುದು. ಈ ಪರೀಕ್ಷೆ ಹಗಲಿನಲ್ಲಿಯೇ ಸಾಧ್ಯ.

2023ನೆಯ ಇಸವಿಯ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ನೌಕೆಯು ಚಂದ್ರನ ಮೇಲೆ ಇಳಿಯಿತು. ಅದನ್ನು ನಡೆಸುತ್ತಿದ್ದ ಕೇಂದ್ರವಿದ್ದುದು ಬೆಂಗಳೂರಿನಲ್ಲಿ. ಅಂದು ಶ್ರಾವಣ ಶುದ್ಧ ಸಪ್ತಮಿ. ಬೆಂಗಳೂರಿನಲ್ಲಿ ಸೂರ್ಯನು ಇನ್ನೂ ಮುಳುಗಿರಲಿಲ್ಲ. ಚಂದ್ರನು ದಕ್ಷಿಣದ ಆಕಾಶದಲ್ಲಿ ಸಾಕಷ್ಟು ಮೇಲಕ್ಕೆ ಏರಿದ್ದನು. ನೌಕೆಗೆ ಬೇಕಾದ ಶಕ್ತಿ ಬಿಸಿಲಿನಿಂದ ದೊರೆಯಬೇಕಾದುದರಿಂದ, ಇಳಿದಾಣದಲ್ಲಿ ಬೆಳಗಾಗಿದ್ದ ಸಮಯವನ್ನೇ ಆರಿಸಿಕೊಂಡಿದ್ದರು. ನಮಗೆ ಕಾಣುವ ಬೆಳಗಿದ ಭಾಗದಲ್ಲಿಯೇ ಆ ತಾಣವಿದ್ದಿತು. ನಾವೆಲ್ಲರೂ ದೂರದರ್ಶನದ ತೆರೆಯ ಮುಂದೆ ಉಸಿರು ಬಿಗಿಹಿಡಿದು ಕುಳಿತಿದ್ದೆವು. ಮೋಡವಿಲ್ಲದ ಕಡೆ ಬಾಗಿಲು ದಾಟಿ ಹೊರಗೆ ಬಂದಿದ್ದರೆ ಆ ಚಂದ್ರನೇ ಕಾಣುತ್ತಿದ್ದನು. ಎಷ್ಟು ಮಂದಿ ಬಂದೆವು?

ಮುಂದಿನ ಶುದ್ಧ ಅಷ್ಟಮಿಯಂದು ಸಂಜೆ ನಾಲ್ಕು ಗಂಟೆಗೆ, ಸೂರ್ಯನಿಗೆ ಬೆನ್ನುಮಾಡಿ ನಿಂತು, ನೆತ್ತಿಗೂ ಮೂಡಣ ದಿಗಂತಕ್ಕೂ ನಡುವೆ ಕಣ್ಣಾಡಿಸೋಣ; ಸೂರ್ಯನನ್ನು ಮಾತ್ರ ನೇರವಾಗಿ ನೋಡಬಾರದು. ಮನೆಯ ಮಕ್ಕಳನ್ನೂ ಜೊತೆಗೆ ಕರೆಯೋಣ. ನಮಗಿಂತ ಮೊದಲು ಅವರೇ ಅವನನ್ನು ಕಂಡುಹಿಡಿದರೆ ಆಶ್ಚರ್ಯವಿಲ್ಲ. ಹಗಲಿನಲ್ಲಿ ಚಂದ್ರನಿರುವುದಿಲ್ಲವೆಂಬ ಪಾಠವನ್ನು ಅವರಿನ್ನೂ ಕಲಿತಿಲ್ಲ.