ಸೋರುವ ಶೌಚಾಲಯ: ಯಾವ ನೀರು ಶುದ್ಧ, ಯಾವುದು ನಜಸ್?

ಕಳೆದ ಜುಮಾ ಖುತ್ಬಾದಲ್ಲಿ ಇಸ್ರಾಫ್, ಅಂದರೆ ದುಂದಿನ ಬಗ್ಗೆ ಹೇಳುವಾಗ ನಾವು ನೀರಿನ ವಿಷಯವನ್ನೂ ಎತ್ತಿದ್ದೆವು. ನಮಾಝಿನ ನಂತರ ಬಂದ ಪ್ರಶ್ನೆಗಳು ಮಾತ್ರ ಬೇರೆ ಬಗೆಯವು. "ಉಸ್ತಾದರೇ, ಕಮೋಡಿನ ಸುತ್ತ ಯಾವಾಗಲೂ ಒದ್ದೆ ಇರುತ್ತದೆ. ಅದನ್ನು ತುಳಿದು ಬಂದರೆ ವುಝೂ ಮುರಿಯುತ್ತದೆಯೇ? ಬಟ್ಟೆ ಬದಲಿಸಬೇಕೇ?"

ಮೊದಲು ಇದನ್ನು ತಿಳಿಯೋಣ. ನಜಸ್ ತುಳಿದರೆ ವುಝೂ ಮುರಿಯುವುದಿಲ್ಲ, ತಾಗಿದ ಜಾಗವನ್ನಷ್ಟೇ ತೊಳೆಯಬೇಕು. ಆದರೆ ಒದ್ದೆ ಇರುವುದೆಲ್ಲ ನಜಸ್ ಅಲ್ಲ. ಖಚಿತವಾಗಿ ತಿಳಿದಿರುವುದು ಬರೀ ಸಂಶಯದಿಂದ ಅಳಿಯುವುದಿಲ್ಲ ಎಂಬುದು ಫಿಕ್‌ಹ್‌ನ ಮೂಲ ನಿಯಮಗಳಲ್ಲೊಂದು. ಫ್ಲಶ್ ಟ್ಯಾಂಕಿನಲ್ಲಿರುವುದು ಅಡುಗೆಮನೆಯ ನಲ್ಲಿಗೆ ಬರುವ ಅದೇ ಶುದ್ಧ ನೀರು. ಅದು ನೆಲಕ್ಕೆ ತೊಟ್ಟಿಕ್ಕಿದರೆ ಶುದ್ಧವೇ, ನೆಲದಲ್ಲಿ ಮೊದಲೇ ನಜಸ್ ಇರಬಾರದು ಅಷ್ಟೆ. ಕಮೋಡಿನ ಬುಡದಿಂದ ಹೊರಬರುವ ನೀರಿನ ಮಾತು ಬೇರೆ. ಮೂತ್ರದ ಸೋಂಕಿನಿಂದ ದೂರವಿರದವನ ಕಬ್ರ್ ಶಿಕ್ಷೆಯ ಕುರಿತು ಪ್ರವಾದಿ(ಸ)ರು ಎಚ್ಚರಿಸಿದ್ದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಹಾಗಾಗಿ ವಸ್‌ವಾಸ್ ಬೇಡ, ಉಡಾಫೆಯೂ ಬೇಡ. ನೀರು ಎಲ್ಲಿಂದ ಬರುತ್ತದೆಂದು ನೋಡಿದರಾಯಿತು.

ನೋಡುವುದು ಹೀಗೆ. ನೆಲವನ್ನು ಪೂರ್ತಿ ಒರೆಸಿ ಒಣಗಿಸಿ ಕಮೋಡಿನ ಸುತ್ತ ಬಿಳಿ ಟಿಶ್ಯೂ ಹಾಸಿ. (ಹಳೆ ಪೇಪರ್ ಹಾಸುವವರು ಅಲ್ಲಾಹನ ಹೆಸರಿರುವ ಕಾಗದ ಬಾರದಂತೆ ಜಾಗ್ರತೆ ವಹಿಸಿ. ಈ ಪತ್ರಿಕೆಯಂತೂ ಬೇಡ.) ಅರ್ಧ ಗಂಟೆ ಯಾರೂ ಬಳಸಬಾರದು. ಫ್ಲಶ್ ಮಾಡದೆಯೇ ಟಿಶ್ಯೂ ಒದ್ದೆಯಾದರೆ ಸೋರಿಕೆ ಸಾಮಾನ್ಯವಾಗಿ ಶುದ್ಧ ನೀರಿನ ಕಡೆಯದು: ಆಂಗಲ್ ವಾಲ್ವ್, ಟ್ಯಾಂಕಿನ ಪೈಪ್ ಅಥವಾ ಹೆಲ್ತ್ ಫಾಸೆಟ್. ಫ್ಲಶ್ ಮಾಡಿದಾಗ ಮಾತ್ರ ಒದ್ದೆಯಾದರೆ ಟ್ಯಾಂಕಿನಿಂದ ಕಮೋಡಿಗೆ ಇಳಿಯುವ ಜೋಡಣೆಯನ್ನು ಮೇಲಿನಿಂದ ಕೆಳಗೆ ಟಿಶ್ಯೂವಿನಿಂದ ಒತ್ತಿ ನೋಡಿ. ಅಲ್ಲೆಲ್ಲ ಒಣಗಿದ್ದು ಬುಡ ಮಾತ್ರ ಒದ್ದೆಯಾಗಿದ್ದರೆ ಅದನ್ನು ನಜಸ್ ಎಂದೇ ತಿಳಿದು, ತೊಳೆದು, ಮೇಲೆ ಶುದ್ಧ ನೀರು ಹರಿಸಿ.

ನೆಲಕ್ಕೆ ಬೀಳದೆ ಕಮೋಡಿನ ಒಳಗೇ ಹರಿದುಹೋಗುವ ಸೋರಿಕೆ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೆ ಟ್ಯಾಂಕಿನ ನೀರಿಗೆ ಒಂದಿಷ್ಟು ಅಡುಗೆಯ ಬಣ್ಣ ಹಾಕಿ ಅರ್ಧ ಗಂಟೆ ಬಿಡಿ. ಫ್ಲಶ್ ಮಾಡದೆಯೇ ಕಮೋಡಿನಲ್ಲಿ ಬಣ್ಣ ಕಂಡರೆ ಟ್ಯಾಂಕ್ ಸೋರುತ್ತಿದೆ. 10 ಲೀಟರ್ ಟ್ಯಾಂಕ್ ಮೂರು ಗಂಟೆಗೊಮ್ಮೆ ಹೀಗೆ ಬರಿದಾದರೆ ದಿನಕ್ಕೆ 80 ಲೀಟರ್. ಪ್ರವಾದಿ(ಸ)ರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಅನಸ್(ರ) ತಿಳಿಸಿದ್ದಾರೆ. ಮುದ್ದಿನ ಅಳತೆಯಲ್ಲಿ ಮದ್‌ಹಬ್‌ಗಳ ನಡುವೆ ಸ್ವಲ್ಪ ವ್ಯತ್ಯಾಸವಿದೆ. ಒಂದು ಲೀಟರ್ ಎಂದು ಧಾರಾಳವಾಗಿ ಹಿಡಿದರೂ 80 ಜನರ ವುಝೂವಿನ ನೀರು ಯಾರಿಗೂ ತಿಳಿಯದೆ ಗುಂಡಿ ಸೇರುತ್ತಿದೆ. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾಯುವ ಮನೆಗಳಲ್ಲಿ ಇದರ ಬೆಲೆ ಏನೆಂದು ಸಹೋದರಿಯರಿಗೆ ನಮಗಿಂತ ಚೆನ್ನಾಗಿ ಗೊತ್ತು.

ರಿಪೇರಿ ದೊಡ್ಡ ಕೆಲಸವಲ್ಲ. ಆಂಗಲ್ ವಾಲ್ವನ್ನು ಬಲಕ್ಕೆ ತಿರುಗಿಸಿ ನೀರು ನಿಲ್ಲಿಸುವ ಮೊದಲು ಮುಚ್ಚಳ ತೆಗೆದು ನೋಡಿ. ನೀರು ಒಳಗಿನ ಓವರ್‌ಫ್ಲೋ ಪೈಪಿನ ಬಾಯಿಗೆ ಹರಿಯುತ್ತಿದ್ದರೆ ತೇಲುವ ಚೆಂಡನ್ನು ತಗ್ಗಿಸಿ, ಮಟ್ಟ ಆ ಬಾಯಿಗಿಂತ ಒಂದು ಇಂಚು ಕೆಳಗೆ ನಿಲ್ಲಬೇಕು. ಚೆಂಡನ್ನು ಕೈಯಿಂದ ಎತ್ತಿ ಹಿಡಿದರೂ ನೀರು ನಿಲ್ಲದಿದ್ದರೆ ಆ ವಾಲ್ವಿನ ವಾಷರ್ ಸವೆದಿದೆ. ಮಟ್ಟ ಸರಿಯಿದ್ದೂ ಬಣ್ಣ ಇಳಿದರೆ ದೋಷ ತಳದ ರಬ್ಬರಿನದು. ಬೋರ್‌ವೆಲ್ ನೀರಿನ ಸುಣ್ಣ ಅದಕ್ಕೆ ಕಟ್ಟಿರುತ್ತದೆ. ವಾಲ್ವ್ ಮುಚ್ಚಿ, ಟ್ಯಾಂಕ್ ಖಾಲಿ ಮಾಡಿ, ರಬ್ಬರನ್ನು ತೆಗೆದು ನಿಂಬೆರಸ ಹಾಕಿ ಮೆತ್ತಗೆ ಉಜ್ಜಿ. ಗಟ್ಟಿಯಾಗಿದ್ದರೆ ಹಳೆಯದನ್ನೇ ಹಾರ್ಡ್‌ವೇರ್ ಅಂಗಡಿಗೆ ಒಯ್ದು ಅದೇ ಅಳತೆಯದು ತನ್ನಿ. ಪೈಪಿನ ನಟ್ಟಿನೊಳಗೆ ವಾಷರ್ ಇದ್ದರೆ ಟೇಪ್ ಸುತ್ತಿ ಪ್ರಯೋಜನವಿಲ್ಲ, ವಾಷರ್ ಬದಲಿಸಿ. ಪ್ಲಾಸ್ಟಿಕ್ ನಟ್ಟನ್ನು ಕೈಯಲ್ಲಿ ಬಿಗಿಮಾಡಿದರೆ ಸಾಕು, ಬಲ ಹಾಕಿದರೆ ಸೀಳುತ್ತದೆ. ಹೆಲ್ತ್ ಫಾಸೆಟ್ ಬಳಸಿದ ಮೇಲೆ ಅದರ ವಾಲ್ವ್ ಮುಚ್ಚುವ ರೂಢಿಯಿದ್ದರೆ ಪೈಪ್ ಬೇಗ ಒಡೆಯುವುದಿಲ್ಲ.

ಬುಡದ ಸೋರಿಕೆಗೆ ಮಾತ್ರ ಪ್ಲಂಬರನನ್ನೇ ಕರೆಯಿರಿ. ಸುತ್ತ ವೈಟ್ ಸಿಮೆಂಟ್ ಬಳಿದರೆ ಒದ್ದೆ ಕಾಣುವುದಿಲ್ಲ, ಆದರೆ ನೀರು ಸ್ಲ್ಯಾಬಿನೊಳಗೆ ಇಳಿಯುತ್ತಲೇ ಇರುತ್ತದೆ. ಮಹಡಿ ಮನೆಗಳಲ್ಲಿ ಅದು ಕೆಳಗಿನವರ ಚಾವಣಿಗೆ ಬರುತ್ತದೆ. ಅವರ ಅಡುಗೆಮನೆಯ ಮೇಲೆ ನಮ್ಮ ಶೌಚದ ನೀರು ಒಸರುತ್ತಿದ್ದರೆ ಅದು ನೆರೆಯವರ ಹಕ್ಕಿನ ಪ್ರಶ್ನೆ. ಅವರು ಯಾವ ಧರ್ಮದವರೇ ಆಗಿರಲಿ, ಅವರು ಬಂದು ದೂರುವ ಮೊದಲೇ ನಾವು ಹೋಗಿ ತಿಳಿಸಬೇಕು. ಬಾಡಿಗೆಗಿರುವವರು "ನಮ್ಮ ಮನೆಯಲ್ಲವಲ್ಲ" ಎನ್ನುವಂತಿಲ್ಲ, ಮನೆ ಅವರ ಕೈಯಲ್ಲಿರುವ ಅಮಾನತ್. ಕಂಡ ದಿನವೇ ಮಾಲೀಕರಿಗೆ ಹೇಳಿ, ಖರ್ಚು ಯಾರದೆಂದು ಕರಾರು ಪತ್ರ ನೋಡಿ ತೀರ್ಮಾನಿಸಿಕೊಳ್ಳಿ. ಅದು ತೀರ್ಮಾನವಾಗುವವರೆಗೆ ಆ ಟಾಯ್ಲೆಟ್ ಬಳಸದೆ, ಇನ್ನೊಂದು ಇದ್ದರೆ ಅದನ್ನೇ ಬಳಸಿ.